ಅಮೆರಿಕಕ್ಕೆ ಬಂದ ತಂದೆತಾಯಿಗೆ ಮೆಡಿಕೇರ್ ಸಿಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳು ಅಮೆರಿಕದಲ್ಲಿ ನೆಲೆಯೂರಿ, ಪೌರತ್ವ ಪಡೆದು, ಊರಿನಲ್ಲಿರುವ ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡ ಮನೆಗಳು ನಮ್ಮಲ್ಲಿ ಈಗ ಸಾಕಷ್ಟಿವೆ. ವೀಸಾ, ಟಿಕೆಟ್, ಮನೆಯ ಕೆಳಗಿನ ಅಂತಸ್ತಿನಲ್ಲಿ ಅವರಿಗೊಂದು ಕೋಣೆ, ಹೀಗೆ ಎಲ್ಲವನ್ನೂ ಮುಂಚಿತವಾಗಿ ಯೋಚಿಸುವ ಮಕ್ಕಳು ಆರೋಗ್ಯ ವಿಮೆಯ ಮಾತನ್ನು ಮಾತ್ರ ಕೊನೆಗೆ ಬಿಡುತ್ತಾರೆ. ‘ಅರವತ್ತೈದಾದರೆ ಮೆಡಿಕೇರ್ ಬರುತ್ತದಲ್ಲ’ ಎಂಬ ಭರವಸೆಯೇ ಅದಕ್ಕೆ ಕಾರಣ. ಆ ಭರವಸೆ ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯುವುದು ಆಸ್ಪತ್ರೆಯ ಬಿಲ್ ಕೈಗೆ ಬಂದ ಮೇಲೆ ಆಗಬಾರದು ಎಂಬ ಕಾಳಜಿಯಿಂದ, ನಮ್ಮವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಇಲ್ಲಿರುವ ಮೊತ್ತಗಳು 2026ನೆಯ ಇಸವಿಯವು. ಪ್ರತಿ ಜನವರಿಯಲ್ಲಿ ಅವು ಬದಲಾಗುತ್ತವೆ. ನಿಯಮಗಳು ಅಷ್ಟು ಬೇಗ ಬದಲಾಗುವುದಿಲ್ಲ, ಆದರೆ 2025ರ ಜುಲೈನಲ್ಲಿ ಬಂದ ಕಾನೂನು ವಲಸಿಗರಿಗೆ ಸಂಬಂಧಿಸಿದ ಕೆಲವು ನಿಯಮಗಳನ್ನು ಬಿಗಿ ಮಾಡಿದೆ. ಅದನ್ನು ಆಯಾ ಪ್ರಶ್ನೆಯಲ್ಲಿಯೇ ಹೇಳಿದ್ದೇನೆ.

ಮೆಡಿಕೇರ್ ಎಂದರೆ ಏನು?

ಅರವತ್ತೈದು ದಾಟಿದವರಿಗಾಗಿ ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಇದರ ಕಾನೂನಿಗೆ ಸಹಿ ಹಾಕಿದರು, ಮರುವರ್ಷದ ಜುಲೈ 1ರಿಂದ ಜಾರಿಗೆ ಬಂತು. ಇದರಲ್ಲಿ ಪಾರ್ಟ್ ಎ ಆಸ್ಪತ್ರೆಯಲ್ಲಿ ದಾಖಲಾದಾಗಿನ ವೆಚ್ಚಕ್ಕೆ, ಪಾರ್ಟ್ ಬಿ ವೈದ್ಯರ ಭೇಟಿ, ಪರೀಕ್ಷೆ, ಹೊರರೋಗಿ ಚಿಕಿತ್ಸೆಗೆ, ಪಾರ್ಟ್ ಡಿ ಔಷಧಿಗಳಿಗೆ. ಪಾರ್ಟ್ ಸಿ ಎಂದು ಕರೆಯುವ ಮೆಡಿಕೇರ್ ಅಡ್ವಾಂಟೇಜ್ ಖಾಸಗಿ ಕಂಪನಿಗಳು ಇವನ್ನೆಲ್ಲ ಒಟ್ಟುಗೂಡಿಸಿ ಕೊಡುವ ಯೋಜನೆ.

ಯಾರು ಅರ್ಹರು?

ವಯಸ್ಸು 65 ಆಗಿರಬೇಕು. ಜೊತೆಗೆ ಅಮೆರಿಕದಲ್ಲಿ ವಾಸಿಸುತ್ತಿರುವ ಪೌರರಾಗಿರಬೇಕು ಅಥವಾ ಗ್ರೀನ್ ಕಾರ್ಡ್ ಹೊಂದಿರಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಎರಡು ದಾರಿಗಳಿವೆ, ಎಲ್ಲ ಗೊಂದಲವೂ ಹುಟ್ಟುವುದು ಇವೆರಡನ್ನು ಬೆರೆಸಿದಾಗ.

ಮೊದಲನೆಯದು ದುಡಿಮೆಯ ದಾರಿ. ತಾವೇ, ಇಲ್ಲವೇ ತಮ್ಮ ಗಂಡ ಅಥವಾ ಹೆಂಡತಿ, ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ಕೆಲಸ ಮಾಡಿ ಸಂಬಳದಿಂದ ತೆರಿಗೆ ಕಟ್ಟಿ 40 ಕ್ರೆಡಿಟ್ ಗಳಿಸಿದ್ದರೆ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಈ ದಾರಿಯಲ್ಲಿ ಬಂದವರು ಐದು ವರ್ಷ ಕಾಯಬೇಕಾಗಿಲ್ಲ.

ಎರಡನೆಯದು ವಾಸದ ದಾರಿ. ದುಡಿಮೆಯ ಲೆಕ್ಕವೇ ಇಲ್ಲದವರು, ಗ್ರೀನ್ ಕಾರ್ಡ್ ಹೊಂದಿದ್ದು, ಅರ್ಜಿ ಹಾಕುವ ತಿಂಗಳಿಗೆ ಹಿಂದಿನ ಐದು ವರ್ಷ ಎಡೆಬಿಡದೆ ಅಮೆರಿಕದಲ್ಲಿ ವಾಸವಾಗಿದ್ದರೆ ಪ್ರೀಮಿಯಂ ಕಟ್ಟಿ ಮೆಡಿಕೇರ್ ಕೊಳ್ಳಬಹುದು. ಇಳಿವಯಸ್ಸಿನಲ್ಲಿ ಮಕ್ಕಳ ಬಳಿಗೆ ಬರುವ ನಮ್ಮ ಹಿರಿಯರಲ್ಲಿ ಬಹುಪಾಲು ಈ ಎರಡನೆಯ ದಾರಿಯವರೇ.

ಅರವತ್ತೈದಕ್ಕೆ ಮೊದಲೇ ಸಿಗುವ ಸಂದರ್ಭಗಳೂ ಇವೆ: ಅಂಗವೈಕಲ್ಯಕ್ಕಾಗಿ ಸೋಷಿಯಲ್ ಸೆಕ್ಯೂರಿಟಿಯ (ಅಮೆರಿಕ ಸರ್ಕಾರದ ಪಿಂಚಣಿ ವ್ಯವಸ್ಥೆ) ಭತ್ಯೆಯನ್ನು 24 ತಿಂಗಳು ಪಡೆದವರಿಗೆ, ನರಗಳು ಕ್ರಮೇಣ ಶಕ್ತಿಗುಂದುವ ಎಎಲ್ಎಸ್ ಕಾಯಿಲೆಗಾಗಿ ಆ ಭತ್ಯೆ ಆರಂಭವಾದವರಿಗೆ ಕೂಡಲೇ, ಮತ್ತು ಮೂತ್ರಪಿಂಡ ಪೂರ್ತಿ ಕೈಕೊಟ್ಟು ಡಯಾಲಿಸಿಸ್ ಅಥವಾ ಕಸಿ ಬೇಕಾದವರಿಗೆ. ಆದರೆ ಇವಕ್ಕೂ ದುಡಿಮೆಯ ಕ್ರೆಡಿಟ್ ಬೇಕು.

ನಾನು ಇಪ್ಪತ್ತು ವರ್ಷಗಳಿಂದ ಇಲ್ಲಿ ತೆರಿಗೆ ಕಟ್ಟುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಅಪ್ಪ ಅಮ್ಮನಿಗೆ ಮೆಡಿಕೇರ್ ಬರುವುದಿಲ್ಲವೇ?

ಬರುವುದಿಲ್ಲ. ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು, ಉತ್ತರ ಕೇಳಿ ಅತಿ ಹೆಚ್ಚು ಜನ ನೊಂದುಕೊಂಡದ್ದೂ ಇದಕ್ಕೇ. ಪ್ರತಿ ಸಂಬಳದಲ್ಲಿ ಮೆಡಿಕೇರ್ ಹೆಸರಿನಲ್ಲಿ ಶೇಕಡಾ 1.45 ಕಡಿತವಾಗುತ್ತದೆ, ಉದ್ಯೋಗದಾತರೂ ಅಷ್ಟೇ ಸೇರಿಸುತ್ತಾರೆ. ಆ ಹಣದಿಂದ ಹುಟ್ಟುವ ಹಕ್ಕು ದುಡಿದವರಿಗೆ ಮತ್ತು ಅವರ ಗಂಡ ಅಥವಾ ಹೆಂಡತಿಗೆ. ಮಕ್ಕಳ ಕ್ರೆಡಿಟ್ ಮೇಲ್ಮುಖವಾಗಿ ತಂದೆತಾಯಿಗೆ ಹರಿಯುವುದಿಲ್ಲ. ಮಗ ಅಥವಾ ಮಗಳು ತೀರಿಕೊಂಡು, ಅವರ ಆಸರೆಯಲ್ಲೇ ಬದುಕುತ್ತಿದ್ದ ಹೆತ್ತವರಿಗೆ ಸೋಷಿಯಲ್ ಸೆಕ್ಯೂರಿಟಿಯ ಸವಲತ್ತು ಸಿಗುವ ಒಂದು ಅಪರೂಪದ ಸನ್ನಿವೇಶ ಮಾತ್ರ ಇದಕ್ಕೆ ಹೊರತು.

ಹಾಗೆಯೇ, ನಿಮ್ಮ ಕಂಪನಿ ಕೊಡುವ ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳಿಗೆ ಮಾತ್ರ ಜಾಗ. ಬೆಂಗಳೂರಿನ ಕಂಪನಿಗಳ ಗುಂಪು ವಿಮೆಯಲ್ಲಿ ತಂದೆತಾಯಿಯನ್ನು ಸೇರಿಸಿ ರೂಢಿಯಾದವರು ಇಲ್ಲಿಯೂ ಹಾಗೆಯೇ ಇರುತ್ತದೆಂದು ನಂಬಿರುತ್ತಾರೆ. ಕರೆಸಿಕೊಳ್ಳುವ ಮೊದಲೇ ಮಾನವ ಸಂಪನ್ಮೂಲ ವಿಭಾಗದಲ್ಲಿ ಒಮ್ಮೆ ವಿಚಾರಿಸಿ.

ಅಪ್ಪ ಕರ್ನಾಟಕ ಸರ್ಕಾರದ ನೌಕರಿಯಿಂದ ನಿವೃತ್ತರು. ಆ ಸೇವೆ ಲೆಕ್ಕಕ್ಕೆ ಬರುತ್ತದೆಯೇ?

ಇಲ್ಲ. ಒಂದು ದೇಶದ ದುಡಿಮೆಯನ್ನು ಇನ್ನೊಂದು ದೇಶ ಪರಿಗಣಿಸುವ ಸಾಮಾಜಿಕ ಭದ್ರತಾ ಒಪ್ಪಂದ ಭಾರತ ಮತ್ತು ಅಮೆರಿಕದ ನಡುವೆ ಇಲ್ಲ.

ಐದು ವರ್ಷವನ್ನು ಯಾವ ದಿನದಿಂದ ಎಣಿಸಬೇಕು? ನಡುವೆ ಊರಿಗೆ ಹೋಗಿ ಬಂದರೆ?

ಗ್ರೀನ್ ಕಾರ್ಡಿನ ಮೇಲೆ ಅಚ್ಚಾಗಿರುವ ದಿನಾಂಕವನ್ನೇ ಹಿಡಿದು ಎಣಿಸುವವರು ಹೆಚ್ಚು. ಆದರೆ ನಿಯಮ ಕೇಳುವುದು ವಾಸವನ್ನು. ಕಾರ್ಡ್ ಪಡೆಯಲೆಂದು ಒಮ್ಮೆ ಬಂದು ಇಳಿದು, ಹಿಂತಿರುಗಿ ಊರಿನ ಮನೆ, ತೋಟ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಮುಗಿಸಿಕೊಂಡು ವರ್ಷದ ಹತ್ತಿರ ಮತ್ತೆ ಬಂದವರಿಗೆ, ಕಾರ್ಡಿನ ದಿನಾಂಕದಿಂದ ಐದು ವರ್ಷ ತುಂಬಿದರೂ ವಾಸದ ಐದು ವರ್ಷ ತುಂಬಿರುವುದಿಲ್ಲ.

ಮೊಮ್ಮಗಳ ನಾಮಕರಣಕ್ಕೋ ತಮ್ಮನ ಮಗನ ಮದುವೆಗೋ ಕೆಲವು ವಾರ ಹೋಗಿ ಬಂದರೆ ವಾಸ ಮುರಿಯುವುದಿಲ್ಲ. ತೊಂದರೆಯಾಗುವುದು ದೀರ್ಘಕಾಲ ಅಲ್ಲೇ ಉಳಿದಾಗ. ಪೌರತ್ವದ ಅರ್ಜಿಯಲ್ಲಿ, ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ನಿರಂತರ ವಾಸ ಮುರಿದಿದೆ ಎಂದೇ ಅಧಿಕಾರಿಗಳು ಭಾವಿಸುತ್ತಾರೆ, ಮುರಿದಿಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ಮೆಡಿಕೇರ್ ವಿಷಯದಲ್ಲಿಯೂ ಅಷ್ಟೇ ಎಚ್ಚರದಿಂದಿರಿ ಎನ್ನುವುದು ನನ್ನ ಸಲಹೆ. ಚಳಿಗಾಲ ಬಂತೆಂದರೆ ಮೈಸೂರಿಗೋ ಶಿವಮೊಗ್ಗಕ್ಕೋ ಹೊರಟು ಬೇಸಿಗೆಗೆ ಮರಳುವ ಹಿರಿಯರಿದ್ದಾರೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ: ಹಿಮದ ಊರಿನಲ್ಲಿ ಆರು ತಿಂಗಳು ಬಾಗಿಲು ಮುಚ್ಚಿಕೊಂಡು ಕೂರುವುದು ಕಷ್ಟ. ಆದರೆ ಐದು ವರ್ಷ ತುಂಬುವವರೆಗಾದರೂ ಪ್ರವಾಸಗಳನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಪ್ರವಾಸದ ಹೋದ ದಿನ, ಬಂದ ದಿನ ಬರೆದಿಡಿ. ಪಾಸ್‌ಪೋರ್ಟಿನಲ್ಲಿರುವ ಮುದ್ರೆ, ಟಿಕೆಟ್, ತೆರಿಗೆ ಪತ್ರ, ವೈದ್ಯರ ಭೇಟಿಯ ದಾಖಲೆ, ಅವರ ಹೆಸರಿನ ಬ್ಯಾಂಕ್ ಖಾತೆ ಎಲ್ಲವೂ ವಾಸಕ್ಕೆ ಸಾಕ್ಷಿ. ಮನೆಯ ಬಿಲ್ಲುಗಳೆಲ್ಲ ಮಕ್ಕಳ ಹೆಸರಿನಲ್ಲೇ ಇರುವುದರಿಂದ ಹಿರಿಯರ ಹೆಸರಿನಲ್ಲಿ ಒಂದು ಕಾಗದವೂ ಸಿಗದಂತಾಗುತ್ತದೆ. ಬಂದ ಮೊದಲ ತಿಂಗಳಲ್ಲೇ ಇದಕ್ಕೊಂದು ವ್ಯವಸ್ಥೆ ಮಾಡಿ.

ಕ್ರೆಡಿಟ್ ಇಲ್ಲದವರು ತಿಂಗಳಿಗೆ ಎಷ್ಟು ಕಟ್ಟಬೇಕು?

2026ರಲ್ಲಿ ಪಾರ್ಟ್ ಎಗೆ ತಿಂಗಳಿಗೆ 565 ಡಾಲರ್. 30ರಿಂದ 39 ಕ್ರೆಡಿಟ್ ಇದ್ದರೆ 311 ಡಾಲರ್. ಪಾರ್ಟ್ ಬಿಗೆ ಬಹುತೇಕ ಎಲ್ಲರೂ ಕಟ್ಟುವ 202.90 ಡಾಲರ್. ಅಂದರೆ ಕ್ರೆಡಿಟ್ ಇಲ್ಲದ ಒಬ್ಬರಿಗೆ ಎರಡೂ ಸೇರಿ 767.90 ಡಾಲರ್, ದಂಪತಿಗೆ ಒಂದೂವರೆ ಸಾವಿರ ಡಾಲರಿಗೂ ಮೇಲೆ. ಔಷಧಿಯ ಯೋಜನೆಗೆ ಬೇರೆ.

ಪ್ರೀಮಿಯಂ ಕಟ್ಟಿ ಪಾರ್ಟ್ ಎ ಪಡೆಯುವವರು ಪಾರ್ಟ್ ಬಿ ಕೂಡ ತೆಗೆದುಕೊಳ್ಳಲೇಬೇಕು. ಆದರೆ ಪಾರ್ಟ್ ಬಿ ಒಂದನ್ನೇ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಖರ್ಚು ಉಳಿಸಲು ಕೆಲವು ಮನೆಗಳು ಹಾಗೆ ಮಾಡುತ್ತವೆ. ನನಗೆ ಅದು ಅಪಾಯದ ಉಳಿತಾಯವೆನಿಸುತ್ತದೆ, ಏಕೆಂದರೆ ದೊಡ್ಡ ಬಿಲ್ ಬರುವುದು ಆಸ್ಪತ್ರೆ ಸೇರಿದಾಗ. ಅಲ್ಲದೆ ಪಾರ್ಟ್ ಎ ಮತ್ತು ಬಿ ಎರಡೂ ಇಲ್ಲದವರಿಗೆ ಅಡ್ವಾಂಟೇಜ್ ಯೋಜನೆಯಾಗಲಿ, ಮೆಡಿಗ್ಯಾಪ್ ಎಂಬ ಪೂರಕ ವಿಮೆಯಾಗಲಿ ಸಿಗುವುದಿಲ್ಲ.

ಆದಾಯ ತೀರಾ ಕಡಿಮೆಯಿದ್ದವರಿಗೆ ರಾಜ್ಯ ಸರ್ಕಾರವೇ ಈ ಪ್ರೀಮಿಯಂಗಳನ್ನು ಕಟ್ಟುವ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂ ಇದೆ. ಆದರೆ ಗ್ರೀನ್ ಕಾರ್ಡಿಗಾಗಿ ನೀವು ಆಸರೆಯ ಪ್ರಮಾಣಪತ್ರಕ್ಕೆ, ಅಂದರೆ ಐ-864 ನಮೂನೆಗೆ, ಸಹಿ ಮಾಡಿರುತ್ತೀರಿ. ಅನೇಕ ಕಡೆ ನಿಮ್ಮ ಆದಾಯವನ್ನೂ ತಂದೆತಾಯಿಯ ಆದಾಯವೆಂದೇ ಎಣಿಸಲಾಗುತ್ತದೆ. ಅವರು ಪೌರರಾದ ಮೇಲೆ ಆ ಎಣಿಕೆ ನಿಲ್ಲುತ್ತದೆ. ಆದ್ದರಿಂದ ಐದು ವರ್ಷವಾದ ಕೂಡಲೇ ಪೌರತ್ವಕ್ಕೂ ಅರ್ಜಿ ಹಾಕುವ ಬಗ್ಗೆ ಮನೆಯವರೆಲ್ಲ ಕುಳಿತು ಮಾತಾಡಿ. ಭಾರತದ ಪೌರತ್ವವನ್ನು ಬಿಡುವುದು ಹಿರಿಯರಿಗೆ ಹಗುರವಾದ ವಿಷಯವಲ್ಲ, ಅವರ ಮಾತನ್ನು ಪೂರ್ತಿ ಕೇಳಿ ಆಮೇಲೆ ತೀರ್ಮಾನಿಸಿ.

ಅಪ್ಪ ಇಲ್ಲಿಗೆ ಬಂದ ಮೇಲೆ ಕೆಲಸ ಮಾಡಿದರೆ?

ಐವತ್ತೈದು, ಅರವತ್ತರ ಆಸುಪಾಸಿನಲ್ಲಿ ಬಂದು ಆರೋಗ್ಯವಾಗಿರುವವರಿಗೆ ಇದು ನಿಜಕ್ಕೂ ಯೋಚಿಸಬೇಕಾದ ದಾರಿ. 2026ರಲ್ಲಿ 1,890 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಅಂದರೆ ಇಡೀ ವರ್ಷದಲ್ಲಿ 7,560 ಡಾಲರ್ ಗಳಿಸಿದರೆ ಆ ವರ್ಷದ ನಾಲ್ಕೂ ಕ್ರೆಡಿಟ್ ಬಂದಂತೆ. ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಅರೆಕಾಲಿಕ ಕೆಲಸದಿಂದಲೇ ಇದು ಸಾಧ್ಯ. ಹತ್ತು ವರ್ಷದಲ್ಲಿ 40 ಆಗುತ್ತದೆ, ಏಳೂವರೆ ವರ್ಷಕ್ಕೇ 30 ಆಗಿ ಪಾರ್ಟ್ ಎ ಪ್ರೀಮಿಯಂ ಇಳಿಯುತ್ತದೆ. ಒಬ್ಬರು ಗಳಿಸಿದ 40 ಕ್ರೆಡಿಟ್ ಇಬ್ಬರಿಗೂ ಸಾಕು: ದುಡಿದವರಿಗೆ 62 ವರ್ಷವಾಗಿದ್ದರೆ, 65 ತುಂಬಿದ ಸಂಗಾತಿಗೂ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗುತ್ತದೆ.

ಒಂದು ಎಚ್ಚರಿಕೆ. ಮಕ್ಕಳದೇ ವ್ಯಾಪಾರವಿದ್ದು ಅಲ್ಲಿ ಅಪ್ಪ ನಿಜವಾಗಿ ಕೆಲಸ ಮಾಡಿ ಸಂಬಳ ಪಡೆದರೆ, ತೆರಿಗೆ ಕಟ್ಟಿದರೆ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ಮಗಳ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡದ್ದಕ್ಕೆ ಅಮ್ಮನಿಗೆ ಸಂಬಳ ಕೊಟ್ಟೆವೆಂದು ತೋರಿಸಿದರೆ ಸಾಮಾನ್ಯವಾಗಿ ಅದಕ್ಕೆ ಕ್ರೆಡಿಟ್ ಇಲ್ಲ. ಮಗ ಅಥವಾ ಮಗಳು ಸಂಗಾತಿಯನ್ನು ಕಳೆದುಕೊಂಡಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಸೂರ್ಯ ಹುಟ್ಟುವ ಮೊದಲೇ ಎದ್ದು ಮೊಮ್ಮಕ್ಕಳಿಗೆ ಡಬ್ಬಿ ಕಟ್ಟಿ, ಶಾಲೆಯ ಬಸ್ಸಿಗೆ ಬಿಟ್ಟು, ಮಗ ಸೊಸೆ ಇಬ್ಬರೂ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುವಂತೆ ಮಾಡುವ ತಾಯಂದಿರ ದುಡಿಮೆಗೆ ಈ ವ್ಯವಸ್ಥೆಯಲ್ಲಿ ಬೆಲೆಯಿಲ್ಲ. ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ. ಆ ಬೆಲೆಯನ್ನು ಮಕ್ಕಳಾದರೂ ಕಟ್ಟಬೇಕು, ಅಮ್ಮನ ಪ್ರೀಮಿಯಂ ರೂಪದಲ್ಲಿ.

ಹಾಗಾದರೆ ಮೊದಲ ಐದು ವರ್ಷ ಏನು ಮಾಡುವುದು?

ಈ ಐದು ವರ್ಷಗಳೇ ನಿಜವಾದ ಗಂಡಾಂತರದ ಕಾಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಎಲ್ಲ ಇರುವ ವಯಸ್ಸು, ಕೈಯಲ್ಲಿ ಸರ್ಕಾರಿ ವಿಮೆಯಿಲ್ಲ.

ಮುಖ್ಯ ದಾರಿ ಮಾರ್ಕೆಟ್‌ಪ್ಲೇಸ್, ಅಂದರೆ 2010ರ ಅಫೋರ್ಡಬಲ್ ಕೇರ್ ಕಾಯ್ದೆಯಡಿ ನಡೆಯುವ ವಿಮಾ ಮಾರುಕಟ್ಟೆ. ಗ್ರೀನ್ ಕಾರ್ಡ್ ಹೊಂದಿದವರು, 65 ದಾಟಿದ್ದರೂ, ಮೆಡಿಕೇರ್ ಇಲ್ಲದಿದ್ದರೆ ಇಲ್ಲಿ ವಿಮೆ ಕೊಳ್ಳಬಹುದು. ಮೊದಲೇ ಕಾಯಿಲೆ ಇದೆ ಎಂಬ ಕಾರಣಕ್ಕೆ ಯಾವ ಕಂಪನಿಯೂ ನಿರಾಕರಿಸುವಂತಿಲ್ಲ, ಹೆಚ್ಚು ಹಣ ಕೇಳುವಂತಿಲ್ಲ. ಅಮೆರಿಕಕ್ಕೆ ವಾಸಕ್ಕೆ ಬಂದಾಗ 60 ದಿನಗಳ ವಿಶೇಷ ನೋಂದಣಿ ಅವಧಿ ಸಿಗುತ್ತದೆ. ಅದನ್ನು ತಪ್ಪಿಸಿಕೊಂಡರೆ ವರ್ಷದ ಕೊನೆಯಲ್ಲಿ ಬರುವ ಸಾಮಾನ್ಯ ನೋಂದಣಿಯವರೆಗೆ ಕಾಯಬೇಕು. ಜೆಟ್ ಲ್ಯಾಗ್ ಕಳೆಯಲಿ, ನೆಂಟರನ್ನು ನೋಡಿ ಬರಲಿ ಎನ್ನುತ್ತ ಈ ಎರಡು ತಿಂಗಳು ಹೇಗೆ ಕಳೆದುಹೋಗುತ್ತವೆ ಎಂದು ಗೊತ್ತೇ ಆಗುವುದಿಲ್ಲ. ಬರುವ ಮುನ್ನವೇ ಯೋಜನೆಯನ್ನು ಆರಿಸಿಟ್ಟುಕೊಳ್ಳಿ.

ಬೆಲೆಯ ವಿಷಯಕ್ಕೆ ಬಂದರೆ, ಪರಿಸ್ಥಿತಿ ಮೊದಲಿಗಿಂತ ಕಠಿಣವಾಗಿದೆ. ಹಿಂದೆ, ಆದಾಯ ಬಡತನ ರೇಖೆಗಿಂತ ಕೆಳಗಿದ್ದರೂ ಐದು ವರ್ಷದ ತಡೆಯಿಂದ ಮೆಡಿಕೇಡ್ ಎಂಬ ಬಡವರ ವಿಮೆ (ಮುಂದಿನ ಪ್ರಶ್ನೆ ನೋಡಿ) ಸಿಗದ ವಲಸಿಗರಿಗೆ ಪ್ರೀಮಿಯಂ ಮೇಲೆ ತೆರಿಗೆ ರಿಯಾಯಿತಿ ಸಿಗುತ್ತಿತ್ತು, ಅನೇಕ ಹಿರಿಯರಿಗೆ ಅದೇ ಆಧಾರವಾಗಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು 2026ರಿಂದ ಆ ಸೌಲಭ್ಯವನ್ನು ತೆಗೆದುಹಾಕಿದೆ. 2026ರ ವಿಮೆಗೆ ಲೆಕ್ಕ ಹಾಕುವ ಬಡತನ ರೇಖೆ ಒಬ್ಬರಿಗೆ 15,650 ಡಾಲರ್, ಇಬ್ಬರ ಕುಟುಂಬಕ್ಕೆ 21,150 ಡಾಲರ್. ಇಲ್ಲಿ ಒಂದು ಅಂಶ ನೆನಪಿಡಿ: ಗ್ರೀನ್ ಕಾರ್ಡ್ ಹೊಂದಿದವರು ಜಗತ್ತಿನ ಎಲ್ಲ ಆದಾಯವನ್ನೂ ಇಲ್ಲಿ ತೋರಿಸಬೇಕು. ಊರಿನ ಪಿಂಚಣಿ, ಬೆಂಗಳೂರಿನ ಮನೆಯ ಬಾಡಿಗೆ, ಠೇವಣಿಯ ಬಡ್ಡಿ ಎಲ್ಲವೂ ಸೇರುತ್ತದೆ. ಆ ಮೊತ್ತ ರೇಖೆಯನ್ನು ದಾಟಿದರೆ ರಿಯಾಯಿತಿಯ ಬಾಗಿಲು ತೆರೆಯಬಹುದು. ನೀವು ನಿಮ್ಮ ತೆರಿಗೆಯಲ್ಲಿ ಅವರನ್ನು ಅವಲಂಬಿತರೆಂದು ತೋರಿಸಿದರೆ ನಿಮ್ಮ ಮನೆಯ ಒಟ್ಟು ಆದಾಯ ಲೆಕ್ಕಕ್ಕೆ ಬರುತ್ತದೆ. ಯಾವುದು ಲಾಭ ಎಂಬುದು ಮನೆಯಿಂದ ಮನೆಗೆ ಬೇರೆ. ಭಾರತದ ಆದಾಯದ ಲೆಕ್ಕ ತಿಳಿದ ತೆರಿಗೆ ಸಲಹೆಗಾರರನ್ನು ಒಮ್ಮೆ ಕಾಣುವುದು ಕೊಟ್ಟ ಹಣಕ್ಕೆ ಮೋಸವಿಲ್ಲದ ಕೆಲಸ.

ಸಂದರ್ಶಕರಿಗೆಂದು ಮಾರುವ ಪ್ರಯಾಣ ವಿಮೆಯನ್ನೇ ವರ್ಷಾನುಗಟ್ಟಲೆ ನವೀಕರಿಸುತ್ತ ಐದು ವರ್ಷ ದಾಟಿಸೋಣ ಎಂಬ ಯೋಚನೆ ಬೇಡ. ಅಂಥ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗಳಿಗೆ ರಕ್ಷಣೆ ಇಲ್ಲವೇ ಇಲ್ಲ ಅಥವಾ ಹೆಸರಿಗಷ್ಟೇ ಇರುತ್ತದೆ. ನಮ್ಮ ಹಿರಿಯರಿಗೆ ಬರುವುದು ಹಳೆಯ ಕಾಯಿಲೆಗಳೇ.

ಇನ್ನೊಂದು ಕಳಕಳಿಯ ಮಾತು: ಅವರು ಭಾರತದಲ್ಲಿ ಕಟ್ಟುತ್ತಿದ್ದ ಆರೋಗ್ಯ ವಿಮೆಯನ್ನು ಈ ಐದು ವರ್ಷ ಬಿಡಬೇಡಿ. ಅಲ್ಲಿ ಹೊಸ ಪಾಲಿಸಿಗೆ ಇದ್ದ 65ರ ವಯೋಮಿತಿ 2024ರ ಏಪ್ರಿಲ್‌ನಿಂದ ಹೋಗಿದೆ, ನಿಜ. ಆದರೂ ಹೊಸದಾಗಿ ಆರಂಭಿಸಿದರೆ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಸ್ವಲ್ಪ ಕಾಲ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಯೇನಾದರೂ ಬೇಕಾದರೆ ಊರಿಗೆ ಹೋಗಿ ಮಾಡಿಸಿಕೊಂಡು ಬರುವ ಅವಕಾಶವನ್ನು ಆ ಪಾಲಿಸಿ ಉಳಿಸುತ್ತದೆ.

ಮೆಡಿಕೇಡ್ ಸಿಗುವುದಿಲ್ಲವೇ?

ಮೆಡಿಕೇಡ್ ಬಡವರಿಗಾಗಿ ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಯೋಜನೆ. 1996ರ ಕಾನೂನಿನ ಪ್ರಕಾರ ಹೊಸದಾಗಿ ಗ್ರೀನ್ ಕಾರ್ಡ್ ಪಡೆದವರಿಗೆ ಐದು ವರ್ಷ ತಡೆ ಇದೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳು ತಮ್ಮ ಸ್ವಂತ ಹಣದಿಂದ ಈ ಅವಧಿಯಲ್ಲೂ ರಕ್ಷಣೆ ಕೊಡುತ್ತ ಬಂದಿವೆ. ಟೆಕ್ಸಸ್‌ನಲ್ಲಿರುವ ಅಣ್ಣನ ಮನೆಯ ಅನುಭವ ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆಗೆ ಹೊಂದುವುದಿಲ್ಲ, ಆದ್ದರಿಂದ ನಿಮ್ಮ ರಾಜ್ಯದ ಕಚೇರಿಯಲ್ಲೇ ಕೇಳಬೇಕು.

ಅರ್ಜಿ ಯಾವಾಗ ಹಾಕಬೇಕು? ತಡವಾದರೆ ಏನಾಗುತ್ತದೆ?

ದುಡಿಮೆಯ ದಾರಿಯಲ್ಲಿ ಬರುವವರಿಗೆ 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಹೀಗೆ ಏಳು ತಿಂಗಳ ಅವಧಿ. 65 ದಾಟಿ ಬಂದು ವಾಸದ ದಾರಿಯಲ್ಲಿ ಅರ್ಹರಾಗುವವರಿಗೆ ಅರ್ಹತೆ ಮೊದಲ ಸಲ ಕೂಡಿಬರುವ ಸಮಯಕ್ಕೆ ಹೊಂದಿಕೊಂಡು ಇಂಥದ್ದೇ ಅವಧಿ ಇದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಐದು ವರ್ಷದ ವಾಸ ಮುಗಿಸಿದ ಅಮ್ಮನಿಗೆ, 65ರಿಂದ ಇಲ್ಲಿಯವರೆಗೆ ಏಕೆ ಸೇರಲಿಲ್ಲ ಎಂದು ದಂಡ ಹಾಕುವುದಿಲ್ಲ. ಈ ಭಯದಿಂದಲೇ ಅರ್ಜಿ ಹಾಕದೆ ಕೂತವರಿದ್ದಾರೆ, ಅದು ಬೇಡ. ಐದು ವರ್ಷ ತುಂಬಿದ ಕೂಡಲೇ ಸೋಷಿಯಲ್ ಸೆಕ್ಯೂರಿಟಿ ಕಚೇರಿಗೆ ಹೋಗಿ. ಕೆಲವು ತಿಂಗಳು ಮೊದಲೇ ಭೇಟಿಯ ಸಮಯ ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು.

ಆ ಅವಧಿಯನ್ನೂ ತಪ್ಪಿಸಿಕೊಂಡರೆ ಮಾತ್ರ ಕಷ್ಟ. ಆಗ ಪ್ರತಿ ವರ್ಷ ಜನವರಿ 1ರಿಂದ ಮಾರ್ಚ್ 31ರವರೆಗಿನ ನೋಂದಣಿಗೆ ಕಾಯಬೇಕು. ಪಾರ್ಟ್ ಬಿಗೆ ತಡವಾದ ಪ್ರತಿ ಪೂರ್ಣ ವರ್ಷಕ್ಕೆ ಶೇಕಡಾ 10ರಂತೆ ಪ್ರೀಮಿಯಂ ಏರುತ್ತದೆ, ಪಾರ್ಟ್ ಬಿ ಇರುವವರೆಗೂ ಆ ಏರಿಕೆ ಹೋಗುವುದಿಲ್ಲ. ಔಷಧಿಯ ಪಾರ್ಟ್ ಡಿಗೂ ತಿಂಗಳ ಲೆಕ್ಕದಲ್ಲಿ ಇಂಥದೇ ದಂಡವಿದೆ.

ಅಪ್ಪನ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1 ಎಂದಿದೆ, ನಿಜವಾದ ದಿನ ಬೇರೆ. ಹೆಸರೂ ಒಂದೊಂದು ಕಡೆ ಒಂದೊಂದು ತರಹ. ತೊಂದರೆಯಾಗುತ್ತದೆಯೇ?

ನಮ್ಮ ಹಿಂದಿನ ತಲೆಮಾರಿನಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದದ್ದೇ ಹುಟ್ಟಿದ ದಿನ. ಎಸ್ಎಸ್ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಮೂರರಲ್ಲೂ ಒಂದೇ ದಿನಾಂಕವಿದ್ದರೆ ಅದನ್ನೇ ಹಿಡಿದು ನಡೆಯಿರಿ, ಈಗ ಜಾತಕ ತೆಗೆದು ಬದಲಿಸಲು ಹೊರಡಬೇಡಿ. ತಿಂಗಳ 1ನೆಯ ತಾರೀಖು ಹುಟ್ಟಿದವರಿಗೆ ಒಂದು ವಿಶೇಷ ನಿಯಮವಿದೆ: ಅವರ ಮೆಡಿಕೇರ್ ಹಿಂದಿನ ತಿಂಗಳೇ ಆರಂಭವಾಗುತ್ತದೆ. ಜೂನ್ 1 ಎಂದಿದ್ದರೆ ಮೇ 1ರಿಂದ. ಏಳು ತಿಂಗಳ ನೋಂದಣಿ ಅವಧಿಯೂ ಫೆಬ್ರುವರಿಯಲ್ಲಿ ತೆರೆದು ಆಗಸ್ಟ್ ಕೊನೆಗೆ ಮುಗಿಯುತ್ತದೆ. ಜೂನ್ 1, ಜುಲೈ 1ರ ಜನ್ಮದಿನಗಳು ನಮ್ಮ ಹಿರಿಯರಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಊರಿನ ಹೆಸರು, ತಂದೆಯ ಹೆಸರುಗಳ ಇನಿಷಿಯಲ್ ಒಂದು ದಾಖಲೆಯಲ್ಲಿ ಬಿಡಿಸಿ ಬರೆದಿರುತ್ತದೆ, ಇನ್ನೊಂದರಲ್ಲಿ ಅದೇ ಕೊನೆಯ ಹೆಸರಾಗಿ ಕುಳಿತಿರುತ್ತದೆ. ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿ ಮತ್ತು ಗ್ರೀನ್ ಕಾರ್ಡಿನಲ್ಲಿ ಹೆಸರು ಅಕ್ಷರಶಃ ಒಂದೇ ಇರಲಿ. ಇಲ್ಲದಿದ್ದರೆ ಐದು ವರ್ಷ ತುಂಬುವ ಮೊದಲೇ ಸರಿಪಡಿಸಿಕೊಳ್ಳಿ. ದಂಪತಿಯಲ್ಲಿ ಒಬ್ಬರ ಕ್ರೆಡಿಟ್ ಮೇಲೆ ಇನ್ನೊಬ್ಬರು ಅರ್ಜಿ ಹಾಕುವುದಾದರೆ ಮದುವೆಯ ಪ್ರಮಾಣಪತ್ರವೂ ಬೇಕು. ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿಯನ್ನೇ ಮಾಡಿಸದವರು ಊರಿಗೆ ಹೋದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಕೆಲಸ ಮುಗಿಸಿಕೊಂಡು ಬನ್ನಿ.

ನಾನು ಎಚ್-1ಬಿ ವೀಸಾದಲ್ಲೇ ಇದ್ದೇನೆ, ಗ್ರೀನ್ ಕಾರ್ಡ್ ಸರದಿ ಇನ್ನೂ ಬಂದಿಲ್ಲ. 65 ಆದಾಗ ನನಗೆ?

2025ರ ಜುಲೈವರೆಗೆ, ಕಾನೂನುಬದ್ಧವಾಗಿ ಇಲ್ಲಿದ್ದು 40 ಕ್ರೆಡಿಟ್ ಗಳಿಸಿದ ವೀಸಾದಾರರಿಗೂ ಮೆಡಿಕೇರ್ ಸಿಗುತ್ತಿತ್ತು. ಹೊಸ ಕಾನೂನು ಅದನ್ನು ಮುಚ್ಚಿದೆ. ಈಗ ಪೌರರು, ಗ್ರೀನ್ ಕಾರ್ಡ್ ಹೊಂದಿದವರು ಮತ್ತು ಕ್ಯೂಬಾ, ಹೈಟಿ ಹಾಗೂ ಕೆಲವು ಪೆಸಿಫಿಕ್ ದ್ವೀಪಗಳಿಂದ ಬಂದ ನಿರ್ದಿಷ್ಟ ವರ್ಗಗಳಿಗೆ ಮಾತ್ರ. ಈಗಾಗಲೇ ಪಡೆಯುತ್ತಿದ್ದ ಇತರರದು ಕಾನೂನು ಬಂದು 18 ತಿಂಗಳಾದ ಮೇಲೆ, ಅಂದರೆ 2027ರ ಜನವರಿಯ ಆರಂಭಕ್ಕೆ, ನಿಲ್ಲುತ್ತದೆ. ದಶಕಗಟ್ಟಲೆ ತೆರಿಗೆ ಕಟ್ಟಿ ಸರದಿಯಲ್ಲಿ ನಿಂತಿರುವ ಭಾರತೀಯರಿಗೆ ಇದು ದೊಡ್ಡ ಹೊಡೆತ. ಸಮಾಧಾನದ ಒಂದು ಅಂಶವೆಂದರೆ, ಗಳಿಸಿದ ಕ್ರೆಡಿಟ್ ಅಳಿಸಿಹೋಗುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದಾಗ ನಿಮಗೆ 65 ಆಗಿದ್ದು 40 ಕ್ರೆಡಿಟ್ ಇದ್ದರೆ ಮತ್ತೆ ಐದು ವರ್ಷ ಕಾಯದೆ ಸೇರಬಹುದು.

65 ದಾಟಿದರೂ ನಾನು ಕೆಲಸದಲ್ಲಿದ್ದೇನೆ. ಈಗಲೇ ಸೇರಬೇಕೇ?

ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿಯ ವಿಮೆಯಲ್ಲಿ ನೀವಿದ್ದರೆ, ಇಲ್ಲವೇ ಕೆಲಸದಲ್ಲಿರುವ ಸಂಗಾತಿಯ ಅಂಥ ವಿಮೆಯಲ್ಲಿದ್ದರೆ, ಪಾರ್ಟ್ ಬಿ ಮುಂದೂಡಬಹುದು. ಕೆಲಸ ಅಥವಾ ಆ ವಿಮೆ ನಿಂತ ಮೇಲೆ ದಂಡವಿಲ್ಲದೆ ಸೇರಲು ಎಂಟು ತಿಂಗಳಿವೆ. ಕೆಲಸ ಬಿಟ್ಟ ಮೇಲೆ ಕೋಬ್ರಾ ಎಂಬ ಕಾನೂನಿನ ಮೂಲಕ ಮುಂದುವರಿಸಿದ ಕಂಪನಿಯ ವಿಮೆ ಈ ಎಂಟು ತಿಂಗಳನ್ನು ವಿಸ್ತರಿಸುವುದಿಲ್ಲ. ಆರೋಗ್ಯ ಉಳಿತಾಯ ಖಾತೆಗೆ ಹಣ ಹಾಕುತ್ತಿದ್ದರೆ ಪಾರ್ಟ್ ಎಗೆ ಅರ್ಜಿ ಹಾಕುವ ಆರು ತಿಂಗಳು ಮೊದಲೇ ನಿಲ್ಲಿಸಿ, ಏಕೆಂದರೆ ಪಾರ್ಟ್ ಎ ಆರು ತಿಂಗಳವರೆಗೆ ಹಿಂದಿನಿಂದಲೇ ಜಾರಿಯಾಗಬಹುದು. ವರ್ಷದ ಆದಾಯ ಒಬ್ಬರಿಗೆ 1,09,000 ಅಥವಾ ದಂಪತಿಗೆ 2,18,000 ಡಾಲರ್ ಮೀರಿದರೆ ಪಾರ್ಟ್ ಬಿ ಮತ್ತು ಡಿ ಪ್ರೀಮಿಯಂ ಹೆಚ್ಚು. ಇದಕ್ಕೆ ಎರಡು ವರ್ಷ ಹಿಂದಿನ ತೆರಿಗೆ ಪತ್ರವನ್ನು ನೋಡುತ್ತಾರೆ.

ಅತ್ತೆ ಮಾವ ಸಂದರ್ಶಕ ವೀಸಾದಲ್ಲಿ ಆರು ತಿಂಗಳಿಗೆ ಬಂದಿದ್ದಾರೆ. ಅವರಿಗೆ?

ಮೆಡಿಕೇರ್ ಇಲ್ಲ. ತುರ್ತು ಸ್ಥಿತಿಯಲ್ಲಿ ಆಸ್ಪತ್ರೆಯ ತುರ್ತು ವಿಭಾಗ, ಹಣ ಅಥವಾ ವೀಸಾ ಕೇಳದೆ, ರೋಗಿಯನ್ನು ಪರೀಕ್ಷಿಸಿ ಸ್ಥಿರಗೊಳಿಸಲೇಬೇಕು. ಇದು 1986ರ ಕಾನೂನು. ಎದೆನೋವು ಬಂದರೆ ಬಿಲ್ ನೆನೆದು ತಡಮಾಡಬೇಡಿ, 911ಕ್ಕೆ ಕರೆ ಮಾಡಿ. ಆದರೆ ಬಿಲ್ ಖಂಡಿತ ಬರುತ್ತದೆ, ಆದ್ದರಿಂದ ಹೊರಡುವ ಮೊದಲೇ ಪ್ರಯಾಣ ವಿಮೆ ಮಾಡಿಸಿ.

ಒರಿಜಿನಲ್ ಮೆಡಿಕೇರ್ ಒಳ್ಳೆಯದೋ ಅಡ್ವಾಂಟೇಜ್ ಒಳ್ಳೆಯದೋ?

ಒರಿಜಿನಲ್‌ನಲ್ಲಿ, ಅಂದರೆ ಸರ್ಕಾರವೇ ನಡೆಸುವ ಪಾರ್ಟ್ ಎ ಮತ್ತು ಬಿಯಲ್ಲಿ, ಮೆಡಿಕೇರ್ ಒಪ್ಪುವ ಯಾವ ವೈದ್ಯರ ಬಳಿಗಾದರೂ ಹೋಗಬಹುದು. ಆದರೆ ಪಾರ್ಟ್ ಬಿ ವೆಚ್ಚದ ಶೇಕಡಾ 20 ನಿಮ್ಮದು, ಅದಕ್ಕೆ ಮೇಲ್ಮಿತಿಯೇ ಇಲ್ಲ. ಆಸ್ಪತ್ರೆ ಸೇರಿದರೆ ಮೊದಲ 1,736 ಡಾಲರ್ ನೀವೇ ಕೊಡಬೇಕು. ಈ ಖಾಲಿ ಜಾಗ ತುಂಬಲು ಮೆಡಿಗ್ಯಾಪ್ ಬೇಕು. ಪಾರ್ಟ್ ಬಿ ಆರಂಭವಾದ ಮೊದಲ ಆರು ತಿಂಗಳು ಯಾವ ಕಾಯಿಲೆಯಿದ್ದರೂ ಮೆಡಿಗ್ಯಾಪ್ ನಿರಾಕರಿಸುವಂತಿಲ್ಲ. ಎಪ್ಪತ್ತೈದರಲ್ಲಿ ಸೇರಿದವರಿಗೂ ಈ ಆರು ತಿಂಗಳು ಸಿಗುತ್ತದೆ. ಆಮೇಲೆ ಬಹುತೇಕ ರಾಜ್ಯಗಳಲ್ಲಿ ಕಂಪನಿ ಆರೋಗ್ಯ ನೋಡಿ ಬೇಡವೆನ್ನಬಹುದು. ಅಡ್ವಾಂಟೇಜ್ ಅಗ್ಗ, ಹಲ್ಲು ಕಣ್ಣುಗಳ ಸೌಲಭ್ಯವೂ ಇರಬಹುದು, ಆದರೆ ಅವರ ಜಾಲದ ವೈದ್ಯರಿಗೇ ಸೀಮಿತ. ಯೋಜನೆಯ ಪ್ರದೇಶದಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಯೋಜನೆಯಿಂದ ತೆಗೆಯುತ್ತಾರೆ. ಪ್ರೀಮಿಯಂ ಹೊರುವ ಶಕ್ತಿಯಿದ್ದರೆ ಕಾಯಿಲೆಗಳಿರುವ ಹಿರಿಯರಿಗೆ ಒರಿಜಿನಲ್ ಮತ್ತು ಮೆಡಿಗ್ಯಾಪ್ ಎಂದು ನಾನು ಹೇಳುತ್ತೇನೆ.

ಔಷಧಿಗಳಿಗೆ ಸಂಬಂಧಿಸಿದಂತೆ ಒಳ್ಳೆಯ ಸುದ್ದಿ ಇದೆ: 2026ರಲ್ಲಿ ಪಾರ್ಟ್ ಡಿ ವ್ಯಾಪ್ತಿಯ ಔಷಧಿಗಳಿಗೆ ನಿಮ್ಮ ಕೈಯಿಂದ ಹೋಗುವ ವೆಚ್ಚ ವರ್ಷಕ್ಕೆ 2,100 ಡಾಲರ್ ಮೀರುವುದಿಲ್ಲ. ಯೋಜನೆಯ ವ್ಯಾಪ್ತಿಯಲ್ಲಿರುವ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರುವುದಿಲ್ಲ.

ಏನೆಲ್ಲ ಸಿಗುವುದಿಲ್ಲ?

ಒರಿಜಿನಲ್ ಮೆಡಿಕೇರ್‌ನಲ್ಲಿ ಸಾಮಾನ್ಯ ಹಲ್ಲಿನ ಚಿಕಿತ್ಸೆ, ಕನ್ನಡಕ, ಶ್ರವಣ ಸಾಧನ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮರೆವಿನ ಕಾಯಿಲೆಯವರನ್ನೋ ಹಾಸಿಗೆ ಹಿಡಿದವರನ್ನೋ ದಿನವಿಡೀ ನೋಡಿಕೊಳ್ಳುವ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ಹಣ ಕೊಡುವುದಿಲ್ಲ.

ಊರಿಗೆ ಹೋದಾಗ ಅಲ್ಲಿ ಮೆಡಿಕೇರ್ ನಡೆಯುತ್ತದೆಯೇ? ಶಾಶ್ವತವಾಗಿ ಮರಳಿದರೆ?

ಅಮೆರಿಕದ ಹೊರಗೆ ಮೆಡಿಕೇರ್ ನಡೆಯುವುದಿಲ್ಲ. ಮೆಡಿಗ್ಯಾಪ್‌ನ ಜಿ, ಎನ್ ಮುಂತಾದ ಯೋಜನೆಗಳು ಮಾತ್ರ ಪ್ರವಾಸದ ಮೊದಲ 60 ದಿನಗಳಲ್ಲಿ ಆರಂಭವಾದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು ಶೇಕಡಾ 80 ಕೊಡುತ್ತವೆ, ಜೀವಮಾನದ ಮಿತಿ 50,000 ಡಾಲರ್.

ಮರಳುವ ಮನಸ್ಸಾದ ಹಿರಿಯರು ಪಾರ್ಟ್ ಬಿ ಬಿಟ್ಟರೆ, ಮುಂದೆ ಮತ್ತೆ ಬಂದಾಗ ದಂಡ ಬೀಳಬಹುದು. ಗ್ರೀನ್ ಕಾರ್ಡ್ ಬಿಟ್ಟುಕೊಟ್ಟರೆ ಅರ್ಹತೆಯೂ ಹೋಗುತ್ತದೆ. ಭಾರತದ ಪೌರರಾಗಿಯೇ ಉಳಿದು ಅಲ್ಲಿ ನೆಲೆಸುವ 70 ದಾಟಿದವರಿಗೆ, 2024ರ ಅಕ್ಟೋಬರ್ 29ರಂದು ಆರಂಭವಾದ ಆಯುಷ್ಮಾನ್ ವಯ ವಂದನಾ ಕಾರ್ಡ್ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಆದಾಯ ಮಿತಿಯಿಲ್ಲದೆ ಮಾಡಿದ ಯೋಜನೆ. ನಿಮ್ಮ ಊರಿನ ಯಾವ ಆಸ್ಪತ್ರೆ ಅದನ್ನು ಒಪ್ಪುತ್ತದೆ ಎಂದು ಹೋಗುವ ಮೊದಲೇ ವಿಚಾರಿಸಿಕೊಳ್ಳಿ.

ಮೆಡಿಕೇರ್ ಪಡೆದರೆ ಪೌರತ್ವಕ್ಕೆ ಅಡ್ಡಿಯೇ?

ಅಲ್ಲ. ನಿಶ್ಚಿಂತೆಯಿಂದ ಸೇರಿ.

ಅರ್ಜಿ ಎಲ್ಲಿ? ಅಮ್ಮನಿಗೆ ಕನ್ನಡ ಮಾತ್ರ ಬರುತ್ತದೆ.

ಸೋಷಿಯಲ್ ಸೆಕ್ಯೂರಿಟಿ ಕಚೇರಿಯೇ ಅರ್ಜಿ ತೆಗೆದುಕೊಳ್ಳುತ್ತದೆ. ದೂರವಾಣಿ 1-800-772-1213. ವಾಸದ ದಾರಿಯಲ್ಲಿ ಬರುವವರಿಗೆ ಆನ್‌ಲೈನ್ ಅರ್ಜಿಗಿಂತ ದಾಖಲೆಗಳೊಂದಿಗೆ ಕಚೇರಿಗೇ ಹೋಗುವುದು ಮೇಲು. ಅಲ್ಲಿ ದುಭಾಷಿಯ ಸೇವೆ ಉಚಿತ. ಭೇಟಿ ಗೊತ್ತುಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿ. ಮಗನೋ ಮೊಮ್ಮಗಳೋ ಜೊತೆಗಿದ್ದರೂ ಕಾಯಿಲೆ, ಹಣದ ಮಾತನ್ನು ಅಮ್ಮ ತಮ್ಮದೇ ಭಾಷೆಯಲ್ಲಿ ಹೇಳಿಕೊಳ್ಳಲು ಇದರಿಂದ ಅನುಕೂಲ.

ಯೋಜನೆ ಆರಿಸಲು ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಉಚಿತ ಸಲಹಾ ಕೇಂದ್ರಗಳಿವೆ, ಅವರು ಯಾವ ಕಂಪನಿಯ ಏಜೆಂಟರೂ ಅಲ್ಲ. ಮೆಡಿಕೇರ್‌ನ ಸಾಮಾನ್ಯ ಮಾಹಿತಿಗೆ 1-800-633-4227. ಮೆಡಿಕೇರ್‌ನವರೆಂದು ಹೇಳಿಕೊಂಡು ತಾವಾಗಿ ಕರೆ ಮಾಡಿ ಕಾರ್ಡಿನ ಸಂಖ್ಯೆ ಕೇಳುವವರಿಗೆ ಸಂಖ್ಯೆ ಕೊಡದೆ ಕರೆ ಕಡಿದುಬಿಡಬೇಕೆಂದು ಹಿರಿಯರಿಗೆ ಈಗಲೇ ಹೇಳಿಡಿ, ಮನೆಯಲ್ಲಿ ಅವರೊಬ್ಬರೇ ಇರುವ ಹಗಲಿನ ಹೊತ್ತಿನಲ್ಲೇ ಅಂಥ ಕರೆಗಳು ಬರುತ್ತವೆ.